ಮೂರನೇ ಸಲ ಕೂಗಿದಾಗ ಯಾರು ಹೋಗಬೇಕು?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ಸಭೆಯಲ್ಲಿ ಸಾಲ ಮರುಪಾವತಿ ವಿಷಯ ಮುಗಿದ ಮೇಲೆ ನಿಮ್ಮಲ್ಲೇ ಕೆಲವರು ಎದ್ದು ನಿಂತು ಹೇಳಿದಿರಿ. "ಸಿಸ್ಟರ್, ಯಾವಾಗಲೂ ಉಳಿತಾಯ, ಬಡ್ಡಿ, ಪುಸ್ತಕ ಬರೆಯೋದು, ಇದನ್ನೇ ಹೇಳ್ತೀರಿ. ಮನೇಲಿ ಮಕ್ಕಳು ಒಂದು ಮಾತು ಕೇಳಲ್ಲ. ಸುಳ್ಳು ಹೇಳ್ತಾವೆ. ಮೊಬೈಲ್ ಕೈಯಿಂದ ಬಿಡಲ್ಲ. ನೀವು ಮೊದಲು ಟೀಚರ್ ಆಗಿದ್ರಿ ಅಲ್ವಾ, ಮಕ್ಕಳಿಗೆ ಬುದ್ಧಿ ಬರೋ ಹಾಗೆ ಕತೆ ಹೇಳೋದು ಹೇಗೆ ಅಂತ ಒಂದು ಸಲ ಹೇಳಿಕೊಡಿ."

ಸರಿ ಎಂದು ಒಪ್ಪಿಕೊಂಡೆವು. ಮನೆಗೆ ಹೋಗಿ ಯೋಚನೆ ಮಾಡಿದಾಗ, ಇದನ್ನು ಹೇಳಿಕೊಡಲು ನಮಗೆ ಏನು ಅಧಿಕಾರ ಇದೆ ಎಂದು ಅನಿಸಿತು. ಯಾಕೆಂದರೆ ಕತೆ ಹೇಳಿ ನೀತಿ ಕಲಿಸಲು ಹೋಗಿ ನಾವು ಒಂದು ದೊಡ್ಡ ತಪ್ಪು ಮಾಡಿದ್ದೇವೆ. ಅದನ್ನೇ ಮೊದಲು ಹೇಳುತ್ತೇವೆ.

ಎಂ.ಎಸ್.ಡಬ್ಲ್ಯು. ಓದುವುದಕ್ಕೆ ಮುಂಚೆ, 1990ರ ದಶಕದಲ್ಲಿ, ನಾವು ಇಬ್ಬರು ಸಿಸ್ಟರ್‌ಗಳು ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆವು. ಶುಕ್ರವಾರ ಕೊನೆಯ ಪೀರಿಯಡ್ ನೀತಿ ಪಾಠ. ಒಂದು ಕತೆ ಹೇಳುವುದು. ಕತೆ ಮುಗಿದ ಕೂಡಲೇ ಬೋರ್ಡಿನ ಮೇಲೆ 'ನೀತಿ' ಎಂದು ಬರೆದು, ಕೆಳಗೆ ಗೆರೆ ಎಳೆದು, ಒಂದು ವಾಕ್ಯ ಬರೆಯುವುದು. ಮಕ್ಕಳು ಅದನ್ನು ಕಾಪಿ ಮಾಡಿಕೊಳ್ಳುವುದು. ಬೆಲ್ ಹೊಡೆದರೆ ಮನೆಗೆ ಓಟ. ನಮಗೂ ಸಮಾಧಾನ, ಒಂದು ಒಳ್ಳೆಯ ಕೆಲಸ ಮಾಡಿದೆವು ಎಂದು.

ನಾಲ್ಕನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಶಾಲೆಗೆ ತಪ್ಪಿಸಿಕೊಳ್ಳುತ್ತಿದ್ದಳು. ಯಾಕೆ ಬರಲಿಲ್ಲ ಎಂದು ಕೇಳಿದರೆ ಒಂದೊಂದು ದಿನ ಒಂದೊಂದು ಕಾರಣ. ಒಂದೇ ವರ್ಷದಲ್ಲಿ ಅವಳ ಅಜ್ಜಿ ಎರಡು ಸಲ ತೀರಿಕೊಂಡಿದ್ದರು! ಆ ಅಜ್ಜಿ ಸಂತೆ ದಿನ ನಮ್ಮ ಎದುರಿಗೇ ಬುಟ್ಟಿ ಹೊತ್ತುಕೊಂಡು ಹೋಗುತ್ತಿದ್ದರು. ನಮಗೆ ಕೋಪ ಬಂತು. ಆ ಶುಕ್ರವಾರ 'ತೋಳ ಬಂತು ತೋಳ' ಕತೆ ಹೇಳಿದೆವು. ನಿಮಗೆಲ್ಲ ಗೊತ್ತಿರುವ ಕತೆಯೇ. ಕುರಿ ಕಾಯುವ ಹುಡುಗ ತಮಾಷೆಗೆ ತೋಳ ಬಂತು ಎಂದು ಕೂಗುತ್ತಾನೆ, ಊರಿನವರು ಓಡಿ ಬಂದು ಮೋಸ ಹೋಗುತ್ತಾರೆ. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ನಿಜವಾಗಿ ತೋಳ ಬಂದಾಗ ಯಾರೂ ಬರುವುದಿಲ್ಲ. ಕತೆ ಹೇಳುವಾಗ ನಾವು ಕ್ಲಾಸನ್ನೆಲ್ಲ ನೋಡುತ್ತಿರಲಿಲ್ಲ, ಆ ಹುಡುಗಿಯನ್ನೇ ನೋಡುತ್ತಿದ್ದೆವು. ಬೋರ್ಡಿನ ಮೇಲೆ ಬರೆದೆವು: ಸುಳ್ಳು ಹೇಳುವವರ ನಿಜವನ್ನೂ ಯಾರೂ ನಂಬುವುದಿಲ್ಲ.

ಮಕ್ಕಳು ಜಾಣರು. ಸೋಮವಾರದಿಂದ ಅವಳ ಹೆಸರು 'ತೋಳ' ಆಯಿತು. ನಾವು ಒಂದೆರಡು ಸಲ ಬೇಡ ಎಂದೆವು, ಆಮೇಲೆ ಸುಮ್ಮನಾದೆವು. ಅವಳು ಕಾರಣ ಹೇಳುವುದನ್ನು ನಿಲ್ಲಿಸಿದಳು. ಕತೆ ಕೆಲಸ ಮಾಡಿತು ಎಂದುಕೊಂಡೆವು.

ಒಂದು ವರ್ಷ ಕಳೆದ ಮೇಲೆ ಗೊತ್ತಾಯಿತು. ಅವಳ ಮನೆಯ ಹತ್ತಿರದ ಅಂಗಡಿಯವನು ಸಾಮಾನು ತರಲು ಹೋದಾಗಲೆಲ್ಲ ಅವಳ ಜೊತೆ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದ. ಅಂಗಡಿಗೆ ಹೋಗಲ್ಲ ಎಂದು ಹಟ ಮಾಡಿದರೆ ಮನೆಯಲ್ಲಿ ಅಮ್ಮನಿಂದ ಏಟು. ಒಂದು ದಿನ ಮಧ್ಯಾಹ್ನ ಊಟ ಆದ ಮೇಲೆ ತಟ್ಟೆ ತೊಳೆಯುತ್ತಾ ಅದು ಹೇಗೋ ಬಾಯಿಬಿಟ್ಟಳು. "ಆಗಲೇ ಯಾಕಮ್ಮ ಹೇಳಲಿಲ್ಲ?" ಎಂದು ನಾವು ಕೇಳಿದೆವು. ಅವಳು ತಟ್ಟೆ ನೋಡುತ್ತಲೇ ಹೇಳಿದಳು. "ಯಾರು ನಂಬ್ತಾರೆ ಸಿಸ್ಟರ್? ನಾನು ತೋಳ ಅಲ್ವಾ?"

ಆ ಮಾತು ಇವತ್ತಿಗೂ ನಮ್ಮ ಕಿವಿಯಲ್ಲಿದೆ. ಆಗ ಈಗಿನ ಹಾಗೆ ಮಕ್ಕಳಿಗಾಗಿಯೇ ಇರುವ ಕಾನೂನು ಇರಲಿಲ್ಲ. ಊರಿನ ಹಿರಿಯರು ಕೂತು ಮಾತಾಡಿ 'ಮುಗಿಸಿದರು'. ಹುಡುಗಿಯನ್ನು ಶಾಲೆ ಬಿಡಿಸಿ ದೂರದ ಸೋದರತ್ತೆ ಮನೆಗೆ ಕಳಿಸಿದರು. ಅಂಗಡಿ ತೆರೆದೇ ಇತ್ತು.

ಇನ್ನೊಂದು ವಿಷಯವೂ ಆಮೇಲೆ ತಿಳಿಯಿತು. ಅವಳು ಶಾಲೆ ತಪ್ಪಿಸುತ್ತಿದ್ದದ್ದು ಆಟಕ್ಕಲ್ಲ. ಅಮ್ಮ ಕೂಲಿಗೆ ಹೋದ ದಿನ ಎಳೆ ಮಗುವನ್ನು ನೋಡಿಕೊಳ್ಳಲು ಇವಳೇ ಮನೆಯಲ್ಲಿರಬೇಕಿತ್ತು. ಅದನ್ನು ಹೇಳಲು ನಾಚಿಕೆ, ಅದಕ್ಕೆ ಅಜ್ಜಿಯನ್ನು ಸಾಯಿಸುತ್ತಿದ್ದಳು. ಒಂದು ದಿನ ಅವಳ ಮನೆಯ ತನಕ ನಡೆದುಹೋಗಿದ್ದರೆ ನಮಗೂ ಗೊತ್ತಾಗುತ್ತಿತ್ತು. ಕತೆ ಹೇಳುವುದು ನಡೆಯುವುದಕ್ಕಿಂತ ಸುಲಭ ನೋಡಿ.

ಸಹೋದರಿಯರೇ, ಆಮೇಲೆ ನಾವು ಆ ತೋಳದ ಕತೆಯನ್ನು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದೇವೆ. ಅದು ಗ್ರೀಸ್ ದೇಶದ ಈಸೋಪನ ಹೆಸರಿನಲ್ಲಿರುವ ಹಳೆಯ ಕತೆ. ಕೊನೆಯಲ್ಲಿ ನಷ್ಟ ಯಾರಿಗೆ ಆಯಿತು? ಹುಡುಗನಿಗೆ ಮಾತ್ರವಾ? ಕುರಿಗಳು ಸತ್ತವು. ಕುರಿ ಊರಿನವರದು. ಅವೇನು ಸುಳ್ಳು ಹೇಳಿದ್ದವಾ? ಬೆಳಗಿಂದ ಸಂಜೆ ತನಕ ಗುಡ್ಡದಲ್ಲಿ ಒಬ್ಬನೇ ಕೂರುವ ಚಿಕ್ಕ ಹುಡುಗ ಸುಮ್ಮನೆ ಯಾಕೆ ಕೂಗಿದ, ಬೇಜಾರಿಗೋ, ಹೆದರಿಕೆಗೋ ಎಂದು ಒಬ್ಬರಾದರೂ ಕೇಳಿದರಾ? ದೊಡ್ಡವರು ಮೂರನೇ ಸಲ ಹೋಗದೆ ಇದ್ದದ್ದೂ ಒಂದು ತಪ್ಪು ಅಲ್ಲವಾ? ಈ ಪ್ರಶ್ನೆಗಳನ್ನು ನಾವು ಕ್ಲಾಸಿನಲ್ಲಿ ಕೇಳಲೇ ಇಲ್ಲ. ಕೇಳಲು ನಮ್ಮ ಬೋರ್ಡಿನಲ್ಲಿ ಜಾಗ ಇರಲಿಲ್ಲ.

ಇದು ನಮ್ಮೊಬ್ಬರ ಅನುಭವ ಮಾತ್ರ ಅಲ್ಲ. ಕೆನಡಾ ದೇಶದ ಟೊರೊಂಟೊ ವಿಶ್ವವಿದ್ಯಾಲಯದ ಕಾಂಗ್ ಲೀ ಎನ್ನುವವರು ಮತ್ತು ಅವರ ಜೊತೆಗಾರರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೂರರಿಂದ ಏಳು ವರ್ಷದ ಮಕ್ಕಳ ಜೊತೆ ಒಂದು ಆಟ ಆಡಿದರು. ಹಿಂದೆ ಒಂದು ಆಟಿಕೆ ಇಟ್ಟು, ತಿರುಗಿ ನೋಡಬೇಡ ಎಂದು ಹೇಳಿ, ದೊಡ್ಡವರು ಸ್ವಲ್ಪ ಹೊತ್ತು ಹೊರಗೆ ಹೋಗುವುದು. ಮಕ್ಕಳಲ್ಲವೇ, ಹೆಚ್ಚಿನವರು ತಿರುಗಿ ನೋಡಿದರು. ಬಂದ ಮೇಲೆ ಒಂದು ಕತೆ ಓದಿ, ಆಮೇಲೆ "ನೋಡಿದೆಯಾ?" ಎಂದು ಕೇಳುವುದು. ತೋಳದ ಕತೆ ಕೇಳಿದ ಮಕ್ಕಳೂ, ಸುಳ್ಳು ಹೇಳಿದರೆ ಮೂಗು ಉದ್ದ ಬೆಳೆಯುವ ಪಿನೋಕಿಯೋ ಕತೆ ಕೇಳಿದ ಮಕ್ಕಳೂ, ಸುಳ್ಳಿಗೆ ಸಂಬಂಧವೇ ಇಲ್ಲದ ಆಮೆ-ಮೊಲದ ಕತೆ ಕೇಳಿದವರಷ್ಟೇ ಸುಳ್ಳು ಹೇಳಿದರು. ಹೆದರಿಸುವ ಕತೆಯಿಂದ ಏನೂ ಲಾಭ ಆಗಲಿಲ್ಲ. ಆದರೆ ಇನ್ನೊಂದು ಕತೆಯಿಂದ ವ್ಯತ್ಯಾಸ ಆಯಿತು. ಅಮೆರಿಕದ ಮೊದಲನೇ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಚಿಕ್ಕವನಿದ್ದಾಗ ಅಪ್ಪನ ಚೆರ್ರಿ ಮರ ಕಡಿದು, ಆಮೇಲೆ ತಾನೇ ಕಡಿದದ್ದು ಎಂದು ಒಪ್ಪಿಕೊಳ್ಳುವ ಕತೆ. ಅಪ್ಪ ಹೊಡೆಯುವುದಿಲ್ಲ, ನಿಜ ಹೇಳಿದೆಯಲ್ಲ ಎಂದು ಸಂತೋಷಪಡುತ್ತಾನೆ. ಇದನ್ನು ಕೇಳಿದ ಮಕ್ಕಳಲ್ಲಿ ಹೆಚ್ಚು ಮಂದಿ ಹೌದು, ನೋಡಿದೆ ಎಂದು ಒಪ್ಪಿಕೊಂಡರು. ಅದೇ ಕತೆಯ ಕೊನೆಯನ್ನು ಬದಲಾಯಿಸಿ, ಹುಡುಗ ಸುಳ್ಳು ಹೇಳಿ ಕಷ್ಟಕ್ಕೆ ಸಿಕ್ಕಿಕೊಂಡ ಎಂದು ಓದಿದಾಗ ಆ ಪರಿಣಾಮ ಹೊರಟೇ ಹೋಯಿತು.

(ಇದರಲ್ಲಿ ಒಂದು ತಮಾಷೆ ಇದೆ. ಆ ಚೆರ್ರಿ ಮರದ ಘಟನೆ ನಡೆದೇ ಇಲ್ಲವಂತೆ. ವೀಮ್ಸ್ ಎಂಬ ಪುಸ್ತಕ ಬರೆಯುವವನು 1806ರಲ್ಲಿ ತನ್ನ ಪುಸ್ತಕಕ್ಕೆ ಸೇರಿಸಿದ್ದು. ಸುಳ್ಳು ಹೇಳಬಾರದು ಎನ್ನುವ ಕತೆಯೇ ಕಟ್ಟುಕತೆ!)

ನಮಗೆ ಅಮೆರಿಕದ ಕತೆ ಬೇಕಾಗಿಲ್ಲ. ಪುಣ್ಯಕೋಟಿ ಇದ್ದಾಳೆ. ಗೋವಿನ ಹಾಡು ಗೊತ್ತಿಲ್ಲದ ತಾಯಿ ಈ ಸಭೆಯಲ್ಲಿ ಯಾರಿದ್ದೀರಿ? ಕೈ ಎತ್ತಿ ನೋಡೋಣ. ನೋಡಿ, ಒಬ್ಬರೂ ಇಲ್ಲ. ಬರೆದವರು ಯಾರೆಂದು ಗೊತ್ತಿಲ್ಲ, ಆದರೂ ಬಾಯಿಂದ ಬಾಯಿಗೆ ಬಂದಿದೆ. ಕಾಳಿಂಗ ಗೊಲ್ಲನ ದೊಡ್ಡಿಯ ಹಸು, ಅರ್ಬುತ ಎಂಬ ಹುಲಿ, ಮನೆಯಲ್ಲಿ ಹಾಲಿಗೆ ಕಾಯುವ ಕರು. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದು ಮಾತು ಕೊಟ್ಟು ಹೋದವಳು ಹೇಳಿದ ಹಾಗೆ ತಿರುಗಿ ಬರುತ್ತಾಳೆ. ಹುಲಿಯ ಮನಸ್ಸು ಕರಗುತ್ತದೆ. ಇಲ್ಲಿ ಸುಳ್ಳು ಹೇಳಿದವರಿಗೆ ಶಿಕ್ಷೆ ಆದ ಕತೆ ಇಲ್ಲ, ನಿಜದಿಂದ ಹುಲಿಯೇ ಬದಲಾದ ಕತೆ ಇದೆ.

ಈ ಕತೆ ಹೇಳಿ, ನೀತಿ ಹೇಳದೆ ಸುಮ್ಮನೆ ಕೂತರೆ ಮಕ್ಕಳು ಏನು ಕೇಳುತ್ತಾರೆ ಗೊತ್ತಾ? ಒಬ್ಬ ಹುಡುಗ ಕೇಳಿದ, "ಹುಲಿ ಯಾಕೆ ಹಾರಿ ಸಾಯಬೇಕಿತ್ತು ಸಿಸ್ಟರ್? ಹುಲ್ಲು ತಿನ್ನೋದು ಕಲೀಬಹುದಿತ್ತಲ್ವಾ?" ಎಲ್ಲರೂ ನಕ್ಕರು. ಆದರೆ ತಪ್ಪು ತಿಳಿದವನು ಸಾಯಲೇಬೇಕಾ, ಬದುಕಿ ಸರಿಹೋಗಬಾರದಾ ಎಂಬುದು ದೊಡ್ಡ ಪ್ರಶ್ನೆಯೇ. ಇನ್ನೊಂದು ಸಲ ಒಬ್ಬಳು ಪುಟ್ಟಿ ಮೆಲ್ಲಗೆ ಕೇಳಿದಳು, "ಅಮ್ಮ ವಾಪಸ್ ಬಂದಾಗ ಕರು ಎದ್ದಿತ್ತಾ, ಮಲಗಿಬಿಟ್ಟಿತ್ತಾ?" ಅವಳ ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಬಸ್ಸು ಹಿಡಿದು ಮನೆ ಸೇರುವುದು ಕತ್ತಲಾದ ಮೇಲೆ. ಆ ಮಗುವಿಗೆ ಪುಣ್ಯಕೋಟಿ ಕತೆ ಸತ್ಯದ ಕತೆ ಅಲ್ಲ, ಅಮ್ಮ ತಡವಾಗಿ ಬರುವ ಕತೆ. ನಾವು ಬೋರ್ಡಿನ ಮೇಲೆ 'ಸತ್ಯವಂತರಾಗಿ ಬಾಳಿ' ಎಂದು ಬರೆದು ಹೊರಟಿದ್ದರೆ ಅವಳ ಮನಸ್ಸಿನಲ್ಲಿ ಇದ್ದದ್ದು ಅಲ್ಲೇ ಉಳಿಯುತ್ತಿತ್ತು.

ಆದರೆ ಪುಣ್ಯಕೋಟಿ ಕತೆಯನ್ನೂ ಎಚ್ಚರಿಕೆಯಿಂದ ಹೇಳಬೇಕು ತಾಯಂದಿರೇ. ಇದು ನಾವು ತಡವಾಗಿ ಕಲಿತದ್ದು. 'ಕೊಟ್ಟ ಮಾತಿಗೆ ತಪ್ಪಬಾರದು' ಎಂದು ಮಕ್ಕಳಿಗೆ ಹೇಳುತ್ತೇವೆ. ಒಳ್ಳೆಯದೇ. ಮಕ್ಕಳಿಗೆ ಕೆಟ್ಟದ್ದು ಮಾಡುವವನೂ ಅದೇ ಮಾತನ್ನು ಉಪಯೋಗಿಸುತ್ತಾನೆ. ಚಾಕೊಲೇಟ್ ಕೊಟ್ಟು, "ಇದು ನಮ್ಮಿಬ್ಬರ ಗುಟ್ಟು, ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಎನ್ನುತ್ತಾನೆ. ಮಗು ಆಣೆ ಮಾಡುತ್ತದೆ. ಆಣೆಗೆ ತಪ್ಪಬಾರದು ಎಂದು ನಾವೇ ಕಲಿಸಿದ್ದೇವೆ. ಬಾಯಿ ಕಟ್ಟಿತು.

ಹಾಗಾದರೆ ಪುಣ್ಯಕೋಟಿ ಏನು ಮಾಡಿದಳು ಎಂದು ಸರಿಯಾಗಿ ನೋಡಿ. ಅವಳು ಹುಲಿಯ ವಿಷಯವನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ದೊಡ್ಡಿಗೆ ಬಂದು ಕರುವಿಗೆ ಹೇಳಿದಳು. ಜೊತೆಯ ಹಸುಗಳನ್ನೆಲ್ಲ ಕರೆದು ಹೇಳಿದಳು, ಮಗುವನ್ನು ನೋಡಿಕೊಳ್ಳಿ ಎಂದು ಕೇಳಿಕೊಂಡಳು. ಅಂಥ ಸತ್ಯವಂತೆಯೇ ಹುಲಿ ಸಿಕ್ಕಿದ್ದನ್ನು ಮನೆಗೆ ಬಂದು ಹೇಳಿದಳು. ಈಗ ಈ ಕತೆ ಹೇಳುವಾಗ ನಾವು ಈ ಜಾಗದಲ್ಲಿ ನಿಲ್ಲುತ್ತೇವೆ. "ನಿಮಗೆ ದಾರೀಲಿ ಹುಲಿ ಸಿಕ್ಕಿದ್ರೆ ಯಾರಿಗೆ ಹೇಳ್ತೀರಿ?" ಎಂದು ಕೇಳುತ್ತೇವೆ. ಮಕ್ಕಳು ಹೆಸರು ಹೇಳುತ್ತಾರೆ. ಅಮ್ಮ, ಅಜ್ಜಿ, ಅಕ್ಕ, ಟೀಚರ್. ಒಂದೊಂದು ಮಗು ಯಾರ ಹೆಸರೂ ಹೇಳುವುದಿಲ್ಲ. ಆ ಮಗುವಿನ ಮನೆಗೆ ನಾವು ಆ ವಾರವೇ ಹೋಗುತ್ತೇವೆ.

ಕಾಗಕ್ಕ ಗುಬ್ಬಕ್ಕನ ಕತೆಯೂ ಹಾಗೆಯೇ. ಊರಿಂದ ಊರಿಗೆ ಸ್ವಲ್ಪ ಬೇರೆ ಬೇರೆ ಹೇಳುತ್ತಾರೆ. ಮಳೆಗೆ ಕಾಗಕ್ಕನ ಸಗಣಿ ಮನೆ ಕರಗಿ ಹೋಗುತ್ತದೆ, ಕಲ್ಲಿನ ಮನೆಯ ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಇರು, ಮಗುವಿಗೆ ಸ್ನಾನ ಮಾಡಿಸ್ತಿದ್ದೀನಿ, ಇರು, ಬಟ್ಟೆ ಹಾಕ್ತಿದ್ದೀನಿ ಎನ್ನುತ್ತಾ ಹೊರಗೇ ನಿಲ್ಲಿಸುತ್ತಾಳೆ. ನಾವು ಚಿಕ್ಕವರಿದ್ದಾಗ ಗುಬ್ಬಕ್ಕ ಜಾಣೆ, ಕಾಗಕ್ಕ ದಡ್ಡಿ ಎಂದುಕೊಂಡೇ ಬೆಳೆದೆವು. ಈಗಿನ ಮಕ್ಕಳು ಕೇಳುತ್ತಾರೆ, ಅಷ್ಟು ಮಳೇಲಿ ಯಾಕೆ ಬಾಗಿಲು ತೆಗೀಲಿಲ್ಲ ಎಂದು. ನಮ್ಮ ಸಂಘಗಳಲ್ಲೂ ಇದು ಇದೆ. ಒಬ್ಬ ಸದಸ್ಯೆ ಎರಡು ಸಲ ಏನೋ ಸುಳ್ಳು ನೆಪ ಹೇಳಿ ಕಂತು ತಪ್ಪಿಸಿದಳು. ಮೂರನೇ ಸಲ ಗಂಡನನ್ನು ನಿಜವಾಗಿ ಆಸ್ಪತ್ರೆಗೆ ಸೇರಿಸಿದ್ದಾಳೆ. "ಅವಳದು ಯಾವಾಗಲೂ ಇದ್ದದ್ದೇ" ಎಂದು ನಾವು ಸಭೆಯಲ್ಲಿ ಮಾತಾಡುವಾಗ ನಮ್ಮ ಪಕ್ಕದಲ್ಲಿ ಮಕ್ಕಳು ಕೂತಿರುತ್ತವೆ. ಆಟ ಆಡುತ್ತಿವೆ ಎಂದುಕೊಳ್ಳುತ್ತೇವೆ. ಕಿವಿ ಇತ್ತಲೇ ಇರುತ್ತದೆ.

ಎಲ್ಲಾ ಕತೆಗಳೂ ಒಂದೇ ಮಾತು ಹೇಳಬೇಕು ಎಂದೇನಿಲ್ಲ. ಪಂಚತಂತ್ರವನ್ನು ದುರ್ಗಸಿಂಹ ಎಂಬ ಕವಿ 11ನೇ ಶತಮಾನದಲ್ಲೇ ಕನ್ನಡಕ್ಕೆ ತಂದರು. ಪಂಚತಂತ್ರದ ಕೋತಿ, ಹೃದಯವನ್ನು ಮರದ ಮೇಲೆ ಬಿಟ್ಟು ಬಂದಿದ್ದೇನೆ ಎಂದು ಮೊಸಳೆಗೆ ಸುಳ್ಳು ಹೇಳಿಯೇ ಜೀವ ಉಳಿಸಿಕೊಳ್ಳುತ್ತದೆ. ಕೋತಿ ಮಾಡಿದ್ದು ತಪ್ಪಾ ಎಂದು ಮಕ್ಕಳನ್ನು ಕೇಳಿ ನೋಡಿ. ಚೆನ್ನಾಗಿ ಜಗಳ ಆಡುತ್ತಾರೆ. ಆಡಲಿ. ಯೇಸುಸ್ವಾಮಿಯವರು ದಾರಿಯಲ್ಲಿ ಗಾಯಗೊಂಡು ಬಿದ್ದವನ ಕತೆ ಹೇಳಿದಾಗಲೂ, ಉತ್ತರವನ್ನು ತಾವೇ ಹೇಳಲಿಲ್ಲ, ಆ ಮೂವರಲ್ಲಿ ಯಾರು ನೆರೆಯವನಾದ ಎಂದು ಕೇಳಿದವನನ್ನೇ ಕೇಳಿದರು. ಅವರೇ ಹಾಗೆ ಮಾಡಿದ ಮೇಲೆ ನಮಗೇನು ಅಷ್ಟು ಅವಸರ?

"ನಮಗೆ ಕತೆ ಬರಲ್ಲ ಸಿಸ್ಟರ್" ಎನ್ನುತ್ತೀರಿ. ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕತೆಗಳಲ್ಲಿ ಒಂದಿದೆ. ಒಬ್ಬಳಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡಳು. ಅವಕ್ಕೆ ಉಸಿರು ಕಟ್ಟಿ, ಅವಳು ಮಲಗಿದ್ದಾಗ ಹೊರಗೆ ಬಂದು, ಒಂದು ಚಪ್ಪಲಿಯಾಗಿ, ಇನ್ನೊಂದು ಅಂಗಿಯಾಗಿ ಮನೆಯಲ್ಲಿ ಕೂತವು. ಗಂಡ ನೋಡಿ, ಯಾರು ಬಂದಿದ್ದರು ಎಂದು ಜಗಳ ತೆಗೆದ. ಹೇಳದೆ ಇಟ್ಟುಕೊಂಡದ್ದು ಮನೆಗೆ ಜಗಳ ತಂದಿತು. ನಿಮ್ಮ ಅತ್ತೆಯವರನ್ನು, ತಾಯಿಯನ್ನು ಕೇಳಿ. ಅವರ ಹತ್ತಿರ ಇದ್ದೇ ಇರುತ್ತವೆ. ಮೊಬೈಲಿನಲ್ಲಿ ಬಣ್ಣದ ಕತೆಗಳು ಬರುತ್ತವೆ, ನಾವು ಬೇಡ ಎನ್ನುವುದಿಲ್ಲ. ಆದರೆ "ಕರು ಎದ್ದಿತ್ತಾ?" ಎಂದು ಮಗು ಕೇಳಿದರೆ ಮೊಬೈಲ್ ಉತ್ತರ ಕೊಡುವುದಿಲ್ಲ, ಮುಂದಿನ ವೀಡಿಯೋ ಹಾಕುತ್ತದೆ.

ಹೇಳುವಾಗ ಕತೆಯಲ್ಲಿರುವ ಕೆಟ್ಟವರಿಗೆ ನಿಮ್ಮ ಮಗುವಿನ ಹೆಸರು ಇಡಬೇಡಿ. "ನೀನೂ ಆ ತೋಳದ ಹುಡುಗನ ಹಾಗೇ" ಎನ್ನಬೇಡಿ. ಕತೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಮೊರದಲ್ಲಿ ಅಕ್ಕಿ ಆರಿಸುತ್ತಾ ಇದ್ದರೆ ಆರಿಸುತ್ತಾ ಇರಿ. ಮುಖಕ್ಕೆ ಮುಖ ಕೊಟ್ಟು ಕೇಳಿದರೆ ಹೇಳದ್ದನ್ನು, ನಮ್ಮ ಕಣ್ಣು ಅಕ್ಕಿಯ ಮೇಲಿದ್ದಾಗ ಮಕ್ಕಳು ಹೇಳುತ್ತವೆ. ಹೇಳಿದ ಕೂಡಲೇ "ನಿಜವಾ? ಸುಳ್ಳು ಹೇಳ್ತಿಲ್ಲ ತಾನೇ?" ಎನ್ನಬೇಡಿ. "ಹೇಳಿದ್ದು ಒಳ್ಳೇದಾಯ್ತು" ಎನ್ನಿ.

ದೊಡ್ಡ ವಿಷಯವಾಗಿದ್ದರೆ ಈಗ ಕಾನೂನು ಇದೆ. 2012ರ ಪೋಕ್ಸೋ ಕಾಯಿದೆ 18 ವರ್ಷದೊಳಗಿನ ಗಂಡು ಮಕ್ಕಳಿಗೂ, ಹೆಣ್ಣು ಮಕ್ಕಳಿಗೂ ಇದೆ. ಇಂಥದ್ದು ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಊರಲ್ಲೇ ಕೂತು ಮುಗಿಸುವ ಹಾಗಿಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅಥವಾ ಮಗು ಇಷ್ಟಪಡುವ ಜಾಗದಲ್ಲೋ ಬರೆದುಕೊಳ್ಳಬೇಕು. ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ಬರಬೇಕು. ಮಗುವಿನ ಹೆಸರು ಹೊರಗೆ ಹೋಗಬಾರದು. ಮಕ್ಕಳ ಸಹಾಯವಾಣಿ 1098, ದುಡ್ಡು ಬೇಕಾಗಿಲ್ಲ. ಈ ನಂಬರನ್ನು ನಿಮ್ಮ ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಇವತ್ತೇ ಬರೆದುಕೊಳ್ಳಿ. ಪೆನ್ನು ಇಲ್ಲದವರು ಪಕ್ಕದವರ ಹತ್ತಿರ ತಗೊಳ್ಳಿ.

ಊಟದ ಹೊತ್ತಾಯಿತು, ಅಡುಗೆಯವರು ಆಗಲೇ ಎರಡು ಸಲ ಇಣುಕಿ ನೋಡಿದರು. ಒಂದು ವಿಷಯ ಹೇಳಿ ಬಿಡುತ್ತೇವೆ.

ಆ ತೋಳದ ಕತೆಯನ್ನು ನಾವು ಎಷ್ಟೋ ವರ್ಷ ಹೇಳಲೇ ಇಲ್ಲ. ಹೇಳಲು ಮನಸ್ಸು ಬರುತ್ತಿರಲಿಲ್ಲ. ಕಳೆದ ವರ್ಷ ಬೇಸಿಗೆ ಶಿಬಿರದಲ್ಲಿ ಮಕ್ಕಳೇ ಕೇಳಿದರು ಎಂದು ಹೇಳಿದೆವು. ಎರಡನೇ ಸಲ ಊರಿನವರು ಬೈದುಕೊಂಡು ವಾಪಸ್ ಹೋದರು ಎನ್ನುವಲ್ಲಿಗೆ ನಿಲ್ಲಿಸಿ, "ಈಗ ಹುಡುಗ ಮೂರನೇ ಸಲ ಕೂಗ್ತಿದ್ದಾನೆ. ಯಾರು ಹೋಗ್ತಾರೆ?" ಎಂದು ಕೇಳಿದೆವು. ಯಾರೂ ಹೋಗಲ್ಲ, ಯಾರೂ ಹೋಗಲ್ಲ ಎಂದು ಎಲ್ಲರೂ ಕೂಗಿದರು. ಅವರಿಗೆ ಕತೆ ಗೊತ್ತಿತ್ತು. ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಚಿಕ್ಕವನು, ಎರಡನೇ ಕ್ಲಾಸಿನವನಿರಬೇಕು, ಎದ್ದು ನಿಂತ.

"ನಮ್ಮಜ್ಜಿ ಹೋಗ್ತಾಳೆ ಸಿಸ್ಟರ್" ಎಂದ. "ಬೈಕೊಂಡು ಬೈಕೊಂಡೇ ಹೋಗ್ತಾಳೆ. ಕೈಲಿ ದೊಣ್ಣೆನೂ ಹಿಡ್ಕೊಂಡಿರ್ತಾಳೆ."

"ದೊಣ್ಣೆ ಯಾರಿಗೆ, ತೋಳಕ್ಕಾ, ಹುಡುಗನಿಗಾ?" ಎಂದು ಕೇಳಿದೆವು.

ಅವನು ಸ್ವಲ್ಪ ಯೋಚನೆ ಮಾಡಿ, "ಮೊದ್ಲು ತೋಳಕ್ಕೆ" ಎಂದ.